ಎರಡು ಪ್ರತಿಗಳಲ್ಲಿ ಉಳಿದದ್ದು ಒಂದು

ಹನೂರಿನ ಡಯಾಲಿಸಿಸ್ ಕೇಂದ್ರದ ಸಿಸ್ಟರ್ ಫೋನಿನಲ್ಲಿ ಮೊದಲ ಸಲ ದೂರು ಹೇಳಿದಾಗ ನಗುತ್ತಲೇ ಹೇಳಿದ್ದರು. "ಸಾ, ನಿಮ್ ಕಂಪ್ಯೂಟರು ಫೈಲ್ ತೆಗ್ಯೋ ಒತ್ಗೆ ನಮ್ ಪೇಷಂಟು ಒಂದ್ ನಿದ್ದೆ ಮುಗ್ಸಿ ಎದ್ದಿರ್ತಾರೆ."

ಕೊಳ್ಳೇಗಾಲದಲ್ಲಿ ನನ್ನದು ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಸಣ್ಣ ಅಂಗಡಿ. ಒಂದು ಟ್ರಸ್ಟು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಡಯಾಲಿಸಿಸ್ ಕೇಂದ್ರ ನಡೆಸುತ್ತಿತ್ತು. ಅವರ ಕಂಪ್ಯೂಟರ್‌ಗಳ ಹೊಣೆ ನನ್ನದು. ಪ್ರತಿ ರೋಗಿಗೂ ಒಂದು ಫೈಲು. ಅದರ ಮೇಲ್ಭಾಗದಲ್ಲಿ ಡಾಕ್ಟರ ಆದೇಶಗಳಿರುತ್ತವೆ: ದೇಹದಿಂದ ಎಷ್ಟು ನೀರು ತೆಗೆಯಬೇಕು, ಯಾವ ಔಷಧಿ ಆಗಿಬರುವುದಿಲ್ಲ, ಹೆಪಾರಿನ್ ಎಷ್ಟು. ಹೆಪಾರಿನ್ ಎಂದರೆ ಯಂತ್ರದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ. ಕೆಳಗೆ ಪ್ರತಿ ಸಲದ ಡಯಾಲಿಸಿಸ್ಸಿನ ವಿವರ, ಅದಕ್ಕೆ ಅಂಟಿಸಿದ ಸ್ಕ್ಯಾನು, ಎಕ್ಸ್-ರೇ ಚಿತ್ರಗಳು. ಫೈಲುಗಳೆಲ್ಲ ಕೊಳ್ಳೇಗಾಲದ ಸರ್ವರಿನಲ್ಲಿದ್ದವು. ಉಳಿದ ಎರಡು ಕೇಂದ್ರದವರು ಅವನ್ನು ಇಂಟರ್ನೆಟ್ ಲೈನಿನ ಮೂಲಕ ತೆರೆಯಬೇಕಿತ್ತು. ಯಳಂದೂರಿನ ಲೈನು ಹೇಗೋ ನಡೆಯುತ್ತಿತ್ತು. ಹನೂರಿನದು ತೆವಳುತ್ತಿತ್ತು. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ಜೆಸಿಬಿ ಮಣ್ಣಿಗೆ ಹಲ್ಲು ಹಾಕಿದಾಗಲೆಲ್ಲ ಕೇಬಲ್ಲು ತುಂಡಾಗಿ, ಆ ತೆವಳುವ ಲೈನೂ ಸಾಯುತ್ತಿತ್ತು.

ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು ಕ್ಯಾಶಿಂಗ್. ಅಸಲು ಫೈಲು ಕೊಳ್ಳೇಗಾಲದಲ್ಲೇ ಇರುತ್ತದೆ. ಹನೂರಿನವರು ಒಮ್ಮೆ ತೆರೆದ ಫೈಲಿನ ನಕಲು ಅಲ್ಲಿ ಇಟ್ಟ ಸಣ್ಣ ಸರ್ವರಿನಲ್ಲಿ ಉಳಿದುಕೊಂಡು, ಮುಂದಿನ ಸಲ ಬೇಗ ತೆರೆದುಕೊಳ್ಳುತ್ತದೆ. ಬರೆಯುವುದು ಮಾತ್ರ ಅಸಲಿಗೇ ಆಗಬೇಕು. ಇನ್ನೊಂದು ರೆಪ್ಲಿಕೇಶನ್. ಮೂರೂ ಕಡೆ ಎಲ್ಲ ಫೈಲುಗಳ ಪೂರ್ತಿ ಪ್ರತಿ ಇರುತ್ತದೆ. ಯಾರು ಎಲ್ಲಿ ಬೇಕಾದರೂ ಬರೆಯಬಹುದು. ಲೈನು ಇದ್ದಾಗ ಮೂರೂ ಪ್ರತಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಮೊದಲು ಕ್ಯಾಶಿಂಗ್ ಹಾಕಿದೆ. ಟ್ರಸ್ಟಿನ ಕಾರ್ಯದರ್ಶಿ ಸತ್ತೇಗಾಲದ ಕಡೆಯ ದೊಡ್ಡ ಬೇಸಾಯಗಾರರು, ವ್ಯಾಪಾರವೂ ಇತ್ತು. "ಕ್ಯಾಶು ಅಂದ್ರೆ ದುಡ್ಡಿಂದಾ?" ಎಂದು ಕೇಳಿ ಅವರೇ ನಕ್ಕರು. ಕೆಲವು ವಾರ ಹನೂರಿನಿಂದ ದೂರು ಬರಲಿಲ್ಲ. ಆಮೇಲೆ ಒಂದು ದಿನ ಬೆಳಗ್ಗೆ ಲೈನು ಹೋಯಿತು. ಅದೇ ಹೊತ್ತಿಗೆ ಯಳಂದೂರಿನ ರೋಗಿಯೊಬ್ಬರು, ಹನೂರಿನ ನೆಂಟರ ಮನೆಗೆ ಬಂದವರು, ಡಯಾಲಿಸಿಸ್ಸಿಗೆಂದು ಬಂದು ಕುಳಿತಿದ್ದಾರೆ. ಅವರ ಫೈಲು ಹನೂರಿನಲ್ಲಿ ಯಾವತ್ತೂ ತೆರೆದದ್ದಲ್ಲ, ಹಾಗಾಗಿ ನಕಲು ಇಲ್ಲ. ಬೇರೆ ಕೇಂದ್ರದವರಿಂದ ಫೋನಿನಲ್ಲಿ ಫೈಲು ಓದಿಸಿಕೊಳ್ಳುವ ಪದ್ಧತಿ ಆಗ ಇರಲಿಲ್ಲ. ಉಳಿದವರ ಫೈಲು ಓದಬಹುದು, ಬರೆಯುವ ಹಾಗಿಲ್ಲ. ಮಧ್ಯಾಹ್ನದವರೆಗೆ ಕಾದು ಕಾದು ಆ ರೋಗಿಗೆ ಉಸಿರಾಟ ಕಷ್ಟವಾಗಿ, ಆಂಬ್ಯುಲೆನ್ಸಿನಲ್ಲಿ ಕೊಳ್ಳೇಗಾಲಕ್ಕೆ ಸಾಗಿಸಬೇಕಾಯಿತು. ಬದುಕಿಕೊಂಡರು. ಆದರೆ ಮರುದಿನವೇ ಸಭೆ ಕರೆದರು.

ಸಭೆಯಲ್ಲಿ ಕಾರ್ಯದರ್ಶಿ, ಮೈಸೂರಿನಿಂದ ವಾರದಲ್ಲಿ ಕೆಲವು ದಿನ ಬಂದುಹೋಗುವ ಮೂತ್ರಪಿಂಡದ ಡಾಕ್ಟರು, ಹನೂರಿನ ಸಿಸ್ಟರ್ ಮತ್ತು ನಾನು ಇದ್ದೆವು.

"ಲೈನು ಓದ್ರೆ ಓಗ್ಲಿ, ಫೈಲು ಮೂರ್ ಕಡೇಲೂ ಇರ್ಬೇಕು ಕಣ್ರಿ," ಎಂದರು ಕಾರ್ಯದರ್ಶಿ. "ಅದೇನೋ ಇನ್ನೊಂದ್ ದಾರಿ ಅದೆ ಅಂದ್ರಲ್ಲ, ಅದ್ನೇ ಮಾಡಿ."

ನಾನು ರೆಪ್ಲಿಕೇಶನ್ನಿನ ತೊಡಕು ವಿವರಿಸಿದೆ. ಲೈನು ಕಡಿದಿರುವಾಗ ಒಂದೇ ಫೈಲನ್ನು ಎರಡು ಕಡೆ ಬದಲಾಯಿಸಿದರೆ, ಲೈನು ಬಂದ ಮೇಲೆ ಎರಡರಲ್ಲಿ ಒಂದನ್ನು ಅದು ಉಳಿಸಿಕೊಳ್ಳುತ್ತದೆ. ಯಾವುದನ್ನು ಕೊನೆಗೆ ಸೇವ್ ಮಾಡಿದ್ದರೋ ಅದು ಗೆಲ್ಲುತ್ತದೆ. ಸೋತದ್ದನ್ನು ಸರ್ವರಿನ ಒಳಗೆ ಬೇರೆ ಜಾಗಕ್ಕೆ ಎತ್ತಿಹಾಕುತ್ತದೆ. ಯಾರಿಗೂ ಏನೂ ಹೇಳುವುದಿಲ್ಲ.

"ನಮ್ಮಲ್ಲಿ ಒಂದೇ ರೋಗಿಯ ಫೈಲು ಒಂದೇ ಹೊತ್ತಿಗೆ ಎರಡು ಕಡೆ ಬದಲಾಗೋದು ಎಷ್ಟು ಸಲ ಆದೀತು?" ಎಂದು ಡಾಕ್ಟರು ಕೇಳಿದರು.

"ಅಪರೂಪ," ಎಂದೆ. ಅದು ಸುಳ್ಳಲ್ಲ.

"ನಿನ್ನೇದು ಬುಡಿ, ನಮ್ ಪೇಷಂಟ್ಸು ನಮ್ತವೇ ಬತ್ತಾರೆ ಸಾ, ಬೇರೆ ಕಡೆ ಓಗಲ್ಲ," ಎಂದರು ಸಿಸ್ಟರ್. ಹಿಂದಿನ ದಿನ ಉಸಿರು ಸಿಗದೆ ಒದ್ದಾಡಿದ ರೋಗಿಯ ಕೈ ಹಿಡಿದುಕೊಂಡು ಕುಳಿತವರು ಅವರೇ. ಅವರಿಗೆ ಬೇಕಾಗಿದ್ದದ್ದು ತೆರೆಯುವ ಫೈಲು. ಕೋಣೆಯಲ್ಲಿದ್ದ ಯಾರಿಗೂ ಬೇರೆ ಏನೂ ಬೇಕಾಗಿರಲಿಲ್ಲ, ನನಗೂ ಸಹ. ರೆಪ್ಲಿಕೇಶನ್ ಎಂದೇ ತೀರ್ಮಾನವಾಯಿತು.

ಅದು ಚೆನ್ನಾಗಿಯೇ ನಡೆಯಿತು. ಹನೂರಿನಲ್ಲಿ ಫೈಲು ಮುಟ್ಟಿದರೆ ತೆರೆಯುತ್ತಿತ್ತು. ಲೈನು ಹೋದದ್ದು ಸಿಸ್ಟರಿಗೆ ಗೊತ್ತೂ ಆಗುತ್ತಿರಲಿಲ್ಲ. ಕಾರ್ಯದರ್ಶಿ ಸಿಕ್ಕಾಗಲೆಲ್ಲ ಬೆನ್ನು ತಟ್ಟುತ್ತಿದ್ದರು.

ಮತ್ತೊಮ್ಮೆ ಕೇಬಲ್ಲು ತುಂಡಾದ ದಿನ ನಾನು ಹನೂರಿನ ಕೇಂದ್ರದಲ್ಲೇ ಇದ್ದೆ. ಮೋಡೆಮ್ಮಿನ ತಪ್ಪೋ ಹೊರಗಿನ ಲೈನಿನದೋ ಎಂದು ನೋಡುತ್ತಾ ಸಿಸ್ಟರ್ ಮೇಜಿನ ಪಕ್ಕದಲ್ಲಿ ಕುಳಿತಿದ್ದೆ. ಮಾರ್ಟಳ್ಳಿಯ ಟೈಲರ್ ಒಬ್ಬರು ಡಯಾಲಿಸಿಸ್ಸಿಗೆ ಬಂದಿದ್ದರು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವರು. ಮನೆಮಾತು ತಮಿಳು, ಕನ್ನಡವೂ ಸಲೀಸು. ಎಲ್ಲರೂ ಅವರನ್ನು ಟೈಲರಣ್ಣ ಎನ್ನುತ್ತಿದ್ದರು. ನನ್ನ ಷರ್ಟಿನ ಕಾಲರು ನೋಡಿ, "ಯಾರ್ ಸಾ ಒಲ್ದಿದ್ದು, ಒಂದ್ ಕಡೆ ಎಳ್ದದೆ," ಎಂದು ತಮಾಷೆ ಮಾಡಿದರು.

ಸಿಸ್ಟರ್ ಎಂದಿನಂತೆ ಊಟ, ನಿದ್ದೆ, ಹೊಟ್ಟೆಯ ವಿಚಾರ ಕೇಳಿದರು. ಟೈಲರಣ್ಣ ಸ್ವಲ್ಪ ನಾಚಿಕೆಯಿಂದಲೇ, ಮಲ ಕಪ್ಪಗೆ ಹೋಗುತ್ತಿದೆ ಎಂದರು. ಸಿಸ್ಟರ್ ಅಲ್ಲೇ ಮೊಬೈಲ್ ತೆಗೆದು ಡಾಕ್ಟರಿಗೆ ಮಾಡಿದರು. ಒಳಗೆಲ್ಲೋ ರಕ್ತ ಸೋರುತ್ತಿರಬಹುದು, ಎಂಡೋಸ್ಕೋಪಿ ಆಗುವವರೆಗೆ ಹೆಪಾರಿನ್ ಹನಿಯೂ ಕೊಡಬೇಡಿ, ಬರೀ ಸಲೈನಿನಿಂದ ಕೊಳವೆ ತೊಳೆಯುತ್ತಿರಿ ಎಂದು ಡಾಕ್ಟರು ಹೇಳಿದರು. ಫೋನು ಸ್ಪೀಕರಿನಲ್ಲಿತ್ತು, ನನಗೂ ಕೇಳಿಸಿತು. ಸಿಸ್ಟರ್ ಫೈಲಿನ ಮೇಲ್ಭಾಗದಲ್ಲಿ 'ಹೆಪಾರಿನ್ ಕೊಡಬಾರದು' ಎಂದು ಟೈಪ್ ಮಾಡಿ, ಆ ಸಾಲಿಗೆ ಕೆಂಪು ಬಣ್ಣ ಹಾಕಿ ಸೇವ್ ಮಾಡಿದರು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಲೈನು ಇರಲಿಲ್ಲ. ಬರೆದದ್ದು ಹನೂರಿನ ಪ್ರತಿಗೆ ಮಾತ್ರ ಸೇರಿತು.

ಅದೇ ಸಂಜೆ ಕೊಳ್ಳೇಗಾಲದ ಆಫೀಸಿನಲ್ಲಿ ಗುಮಾಸ್ತರೊಬ್ಬರು ಎಲ್ಲ ರೋಗಿಗಳ ಫೈಲು ತೆರೆದು, ಆರೋಗ್ಯ ಕಾರ್ಡಿನ ಹೊಸ ಸಂಖ್ಯೆ ತುಂಬಿ ಸೇವ್ ಮಾಡುತ್ತಾ ಹೋದರು. ಟೈಲರಣ್ಣನ ಫೈಲೂ ಅದರಲ್ಲೊಂದು. ಅವರು ತೆರೆದದ್ದು ಕೊಳ್ಳೇಗಾಲದ ಹಳೆಯ ಪ್ರತಿ. ಅವರ ಕೆಲಸದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಮರುದಿನ ಲೈನು ಬಂತು. ಎರಡು ಪ್ರತಿಗಳು ಮುಖಾಮುಖಿಯಾದವು. ಕೊಳ್ಳೇಗಾಲದ್ದು ಆಮೇಲೆ ಸೇವ್ ಆದದ್ದು, ಆದ್ದರಿಂದ ಅದು ಉಳಿಯಿತು. ಕೆಂಪು ಸಾಲು ಹನೂರಿನ ಫೈಲಿನಿಂದಲೂ ಹೋಯಿತು. ಯಾವ ಪರದೆಯ ಮೇಲೂ ಒಂದು ಎಚ್ಚರಿಕೆಯೂ ಮೂಡಲಿಲ್ಲ.

ಟೈಲರಣ್ಣ ಮುಂದಿನ ಸರದಿಗೆ ಬರುವ ಹೊತ್ತಿಗೆ ಹನೂರಿನಲ್ಲಿ ನೀರು ಶುದ್ಧ ಮಾಡುವ ಘಟಕದ ಮೋಟಾರು ಸುಟ್ಟುಹೋಗಿತ್ತು. ಆ ದಿನದ ರೋಗಿಗಳನ್ನೆಲ್ಲ ಕೊಳ್ಳೇಗಾಲಕ್ಕೆ ಕಳಿಸಿದರು. ಸಿಸ್ಟರ್ ಅಲ್ಲಿನ ಟೆಕ್ನಿಶಿಯನ್ನಿಗೆ ಫೋನು ಮಾಡಿ ಹೆಸರುಗಳನ್ನು ಹೇಳಿ, "ಆರ್ಡರೆಲ್ಲ ಫೈಲಲ್ಲೇ ಅವೆ, ನೋಡ್ಕಳಪ್ಪ," ಎಂದರು. ಅವರು ಫೈಲನ್ನು ನಂಬಿ ಆ ಮಾತು ಹೇಳಿದರು. ಟೆಕ್ನಿಶಿಯನ್ ಫೈಲನ್ನು ನಂಬಿ ಹೆಪಾರಿನ್ ಕೊಟ್ಟ. ಹೊಟ್ಟೆ ಹೇಗಿದೆ ಎಂದು ಅವನೂ ಕೇಳಿದ್ದನಂತೆ. ಟೈಲರಣ್ಣ "ಈಗ ಪರವಾಗಿಲ್ಲ" ಎಂದಿದ್ದಾರೆ. ಕೊಳವೆಗೆ ಸೇರಿಸುವ ಔಷಧಿಗೂ ತನ್ನ ಹೊಟ್ಟೆಗೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಡಯಾಲಿಸಿಸ್ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದವರು ಅಲ್ಲೇ ಬೆಂಚಿನ ಪಕ್ಕ ರಕ್ತ ವಾಂತಿ ಮಾಡಿಕೊಂಡರು. ಜೊತೆಗಿದ್ದ ಹೆಂಡತಿ ಆಟೋದಲ್ಲಿ ಮತ್ತೆ ಕೇಂದ್ರಕ್ಕೇ ಕರೆತಂದರು. ಅಲ್ಲಿಂದ ಮೈಸೂರು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡರು.

ಸುದ್ದಿ ನನಗೆ ತಲುಪಿದ್ದು ಸಿಸ್ಟರ್ ಫೋನಿನಿಂದ. ಈ ಸಲ ಅವರ ದನಿ ಗುರುತೇ ಸಿಗಲಿಲ್ಲ.

"ಸಾ, ನಾನು ಬರೀನೇ ಇಲ್ಲ ಅಂತವ್ರೆ. ಮನೇಲಿರು ಅಂದ್ಬುಟ್ರು. ನೀವೇ ಪಕ್ದಲ್ಲಿದ್ರಲ್ಲ ಸಾ, ನೋಡ್ಲಿಲ್ವಾ ನೀವು?"

"ನೋಡ್ದೆ ಸಿಸ್ಟರ್."

"ಹನೂರಿನ ಕಂಪ್ಯೂಟರಲ್ಲೂ ಇಲ್ಲ ಸಾ. ನಾನೇ ನೋಡ್ದೆ. ನಂಗೇ ಈಗ ಅನುಮಾನ ಬತ್ತಾ ಅದೆ. ಬರ್ದ್ನಾ, ಬರ್ದಂಗೆ ಅನ್ಕಂಡ್ನಾ?"

ಏನಾಗಿದೆ ಎಂಬುದು ಅವರು ಮಾತು ಮುಗಿಸುವ ಮೊದಲೇ ನನಗೆ ತಿಳಿಯಿತು. ಅಂಗಡಿಯ ಬಾಗಿಲು ಎಳೆದುಕೊಂಡು ಟ್ರಸ್ಟಿನ ಆಫೀಸಿಗೆ ನಡೆದೆ.

ಸೋತ ಪ್ರತಿಗಳನ್ನು ಎತ್ತಿಹಾಕುವ ಜಾಗಕ್ಕೆ ಒಂದು ಮಿತಿ ಇರುತ್ತದೆ. ಅದು ತುಂಬಿದ ಹಾಗೆ ಹಳೆಯವು ತಾವಾಗಿಯೇ ಅಳಿಸಿಹೋಗುತ್ತವೆ. ಸ್ಕ್ಯಾನು ಚಿತ್ರಗಳು ಸೇರಿ ಭಾರವಾದ ಫೈಲುಗಳು, ಬೇಗ ತುಂಬುತ್ತದೆ. ಲೈನು ಓಡುತ್ತಿತ್ತು, ಮೂರೂ ಕಡೆ ಜನ ಫೈಲು ಸೇವ್ ಮಾಡುತ್ತಿದ್ದರು. ಯಾರನ್ನಾದರೂ ಕೇಳಿ ನಿಲ್ಲಿಸೋಣವೆಂದರೆ ಕಾರ್ಯದರ್ಶಿ ಊರಲ್ಲಿರಲಿಲ್ಲ, ಡಾಕ್ಟರ ಫೋನು ಆ ಕ್ಷಣಕ್ಕೆ ಸಿಗಲಿಲ್ಲ. ನಾನು ಯಾರನ್ನೂ ಕೇಳದೆ ಮೂರೂ ಕಡೆಯ ರೆಪ್ಲಿಕೇಶನ್ ನಿಲ್ಲಿಸಿದೆ. ಹನೂರು, ಯಳಂದೂರಿಗೆ ಫೋನು ಮಾಡಿ, "ಈಗಿಂದ ಕಂಪ್ಯೂಟರಲ್ಲಿ ಏನೂ ಬರೀಬೇಡಿ, ಹಾಳೆ ಮೇಲೆ ಬರ್ಕಳಿ. ಯಾವ ಆರ್ಡರೇ ಆಗ್ಲಿ, ಕೊಡೋ ಮುಂಚೆ ಡಾಕ್ಟರ್ನೇ ಕೇಳಿ," ಎಂದೆ.

ಆಮೇಲೆ ಆ ಜಾಗವನ್ನು ತೆರೆದು ನೋಡಿದೆ. ಅಲ್ಲಿಗೆ ಹೋದ ಫೈಲಿನ ಹೆಸರಿಗೆ ಯಂತ್ರ ಉದ್ದನೆಯ ಅಕ್ಷರ ಅಂಕಿಗಳ ಬಾಲ ಸೇರಿಸುತ್ತದೆ. ಟೈಲರಣ್ಣನ ಫೈಲು ಇನ್ನೂ ಅಳಿಸಿರಲಿಲ್ಲ. ತೆರೆದೆ. ಸಿಸ್ಟರ್ ಹಾಕಿದ್ದ ಕೆಂಪು ಹಾಗೆಯೇ ಇತ್ತು.

ನಾನು ಹುಡುಕಾಟ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಲ್ಲಿ ಬೇರೆ ಫೈಲುಗಳೂ ಇದ್ದವು. ಒಂದೊಂದನ್ನೇ ತೆರೆದು ಉಳಿದ ಪ್ರತಿಯ ಜೊತೆ ಹೋಲಿಸುತ್ತಾ ಹೋದೆ. ಹೆಚ್ಚಿನವು ತೂಕ, ಬಿಪಿಯ ಸಣ್ಣಪುಟ್ಟ ವ್ಯತ್ಯಾಸ. ಯಳಂದೂರಿನ ಒಬ್ಬ ಮಹಿಳೆಯ ಫೈಲಿನಲ್ಲಿ ಮಾತ್ರ, ಒಂದು ಆ್ಯಂಟಿಬಯಾಟಿಕ್ ಆಗಿಬರುವುದಿಲ್ಲ, ಮೈ ಊದಿಕೊಂಡಿತ್ತು ಎಂಬ ಸಾಲು ಇದೇ ರೀತಿ ಕಳೆದುಹೋಗಿತ್ತು. ಆಕೆ ಬದುಕಿದ್ದರು. ಯಳಂದೂರಿಗೆ ತಕ್ಷಣ ಫೋನು ಮಾಡಿ ಆ ಸಾಲನ್ನು ಓದಿ ಹೇಳಿದೆ. ಅಲ್ಲಿನ ನರ್ಸ್ ಅದನ್ನು ಹಾಳೆಯ ಮೇಲೆ ಬರೆದುಕೊಂಡರು. "ನಾಳೆ ಅದೇ ಇಂಜೆಕ್ಷನ್ನು ಸುರು ಮಾಡ್ಬೇಕು ಅಂತಿದ್ದೊ ಸಾ," ಎಂದರು ಆಮೇಲೆ.

ಊರಿಗೆ ಮರಳಿದ ಕಾರ್ಯದರ್ಶಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಟೈಲರಣ್ಣನ ಮಣ್ಣಿಗೂ ಹೋಗಿ ಬಂದಿದ್ದರು.

"ಸರಿ, ಆ ಯಮ್ಮನ್ನ ವಾಪಸ್ ಡ್ಯೂಟಿಗೆ ಕರ್ಕಳನ," ಎಂದರು. "ಆದ್ರೆ ಇದ್ನ ಎಲ್ಲಾರ್ಗೂ ಏಳ್ಕಂಡು ತಿರುಗೋದೇನ್ಕೆ? ಓದ ಜೀವ ಬಂದಾದಾ? ಸೆಂಟರ್ ಮುಚ್ಚೋ ಅಂಗಾದ್ರೆ ಮಾರ್ಟಳ್ಳಿಯೋರು ಎಲ್ಲಿಗೋಗ್ಬೇಕು? ಯೋಚ್ನೆ ಮಾಡಿ."

ಆ ಮಾತಿನಲ್ಲಿ ನಿಜವಿತ್ತು, ಅದೇ ಕಷ್ಟ. ನಾನು ಹೇಳಿದ್ದು ಇಷ್ಟೆ: "ಬರೀಲಿಲ್ಲ ಅಂತ ಆ ಮನೆಯೋರ್ಗೆ ಏಳ್ಬುಟ್ಟಿದೀವಿ ಸಾ. ಬರ್ದಿದ್ರು ಅಂತಾನೂ ನಾವೇ ಏಳ್ಬೇಕು." ಅವರು ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ.

ಡಾಕ್ಟರು ಬಂದ ದಿನ ಎರಡೂ ಪ್ರತಿಗಳನ್ನು ಅಕ್ಕಪಕ್ಕ ತೆರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಆ ಸ್ಥಿತಿಯಲ್ಲಿ ಹೆಪಾರಿನ್ ಇಲ್ಲದೇನೂ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದಿತ್ತು, ಅದು ನಿಜ. ಅದನ್ನ ಹೇಳಿ ನಾನು ತಪ್ಪಿಸಿಕೊಳ್ಳಬಹುದು," ಎಂದರು. ಆಮೇಲೆ, "ಎರಡು ಕಡೆ ಬದಲಾಗೋದು ಎಷ್ಟು ಸಲ ಆದೀತು ಅಂತ ಕೇಳಿದ್ದೆ ನಾನು. ಒಂದು ಸಲ ಆದರೆ ಏನಾಗುತ್ತೆ ಅಂತ ಕೇಳಬೇಕಿತ್ತು."

ಹೊಸ ವ್ಯವಸ್ಥೆಯನ್ನು ಆ ಪ್ರಶ್ನೆಯಿಂದಲೇ ಶುರು ಮಾಡಿದೆವು. ರೋಗಿಗಳ ಫೈಲಿಗೆ ರೆಪ್ಲಿಕೇಶನ್ ಬೇಡ, ಮತ್ತೆ ಕ್ಯಾಶಿಂಗ್. ಅಸಲು ಫೈಲು ಒಂದೇ, ಕೊಳ್ಳೇಗಾಲದಲ್ಲಿ. ಒಬ್ಬರು ಬರೆಯಲು ತೆರೆದಿದ್ದರೆ ಇನ್ನೊಬ್ಬರಿಗೆ ಓದಲು ಮಾತ್ರ ಸಿಗುತ್ತದೆ. ಮೊದಲ ಸಲದ ಕ್ಯಾಶಿಂಗಿನಲ್ಲಿ ಯಳಂದೂರಿನ ರೋಗಿ ಹನೂರಿನಲ್ಲಿ ಕಾಯಬೇಕಾಗಿದ್ದು ಫೈಲನ್ನು ಅಲ್ಲಿ ಯಾರೂ ತೆರೆದಿರಲಿಲ್ಲ ಎಂದು. ಅದಕ್ಕಾಗಿ, ಮೂರೂ ಕೇಂದ್ರಗಳಲ್ಲಿ ಸರದಿಯಿರುವ ಎಲ್ಲ ರೋಗಿಗಳ ಫೈಲನ್ನು ಯಾರೂ ಕೇಳದಿದ್ದರೂ ದಿನಾ ಬೆಳಗ್ಗೆ ಎಲ್ಲ ಕಡೆಗೂ ತಂದಿಡುವ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಭಾರವಾದ ಚಿತ್ರಗಳನ್ನು ಬೇರೆ ಮಾಡಿ, ಆದೇಶದ ಪುಟ ಮೊದಲು ಬರುವಂತೆ ಮಾಡಿದೆ. ಪುಟದ ನೆತ್ತಿಯ ಮೇಲೆ, ಇದು ಕೊಳ್ಳೇಗಾಲದಿಂದ ಬಂದದ್ದು ಯಾವಾಗ ಎಂದು ದೊಡ್ಡದಾಗಿ ಕಾಣುವಂತೆ ಹಾಕಿದೆ.

ಉಳಿದದ್ದನ್ನು ಯಂತ್ರದಿಂದ ಮಾಡಿಸಲು ಆಗುತ್ತಿರಲಿಲ್ಲ. ಲೈನು ಹೋದಾಗ ಹನೂರಿನವರು ಹಾಳೆಯ ಮೇಲೆ ಬರೆಯಬೇಕು. ಆದೇಶ ಬದಲಾದರೆ ಕೊಳ್ಳೇಗಾಲಕ್ಕೆ ಫೋನು ಮಾಡಿ ಅಲ್ಲಿನವರಿಂದ ಅಸಲಿನಲ್ಲಿ ಬರೆಸಿ, ಬರೆದದ್ದನ್ನು ವಾಪಸ್ ಓದಿಸಿಕೊಳ್ಳಬೇಕು. ಫೋನೂ ಸಿಗದಿದ್ದರೆ? ಡಾಕ್ಟರು ಒಂದೇ ಮಾತು ಹೇಳಿದರು: "ಯಾರಿಗೂ ಹೆಪಾರಿನ್ ಬೇಡ. ಸಲೈನಲ್ಲಿ ನಡೆಸಿ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ ಸ್ವಲ್ಪ ಹಾಳಾದರೂ ಮನುಷ್ಯ ಉಳಿಯುತ್ತಾನೆ."

ಆ ವಾರವೇ ಡಾಕ್ಟರು, ಸಿಸ್ಟರ್, ನಾನು ಮಾರ್ಟಳ್ಳಿಗೆ ಹೋದೆವು. ಕಾರ್ಯದರ್ಶಿ ಬರಲಿಲ್ಲ, ಕಾರು ಕಳಿಸಿಕೊಟ್ಟರು. ಟೈಲರಣ್ಣನ ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದರು. ಅರ್ಧ ಹೊಲಿದ ನೀಲಿ ಸಮವಸ್ತ್ರಗಳನ್ನು ಗೋಡೆಯ ಪಕ್ಕ ಮಡಿಸಿ ಇಟ್ಟಿದ್ದರು. ಅವರ ಹೆಂಡತಿ ನಮಗೆ ಚಾಪೆ ಹಾಸಿ, ಎದುರಿಗೆ ಗೋಡೆಗೆ ಒರಗಿ ಕುಳಿತರು. ಡಾಕ್ಟರು ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಕಂಪ್ಯೂಟರಿನ ಭಾಗ ಬಂದಾಗ ನನ್ನ ಕಡೆ ನೋಡಿದರು. ನಾನು ಹೇಳಿದೆ.

"ಈ ಸಿಸ್ಟರಮ್ಮ ಬರ್ದಿದ್ದು ಕಂಪ್ಯೂಟರ್ ಮರ್ತ್ಬುಡ್ತಾ?" ಎಂದು ಆಕೆ ಕೇಳಿದರು.

"ಮರೀಲಿಲ್ಲಮ್ಮ. ಅದ್ರತ್ರ ಎರಡಿತ್ತು. ಒಂದ್ನ ಇಟ್ಕಂಡು ಒಂದ್ನ ಪಕ್ಕಕ್ಕೆ ಆಕ್ತು."

"ಪಕ್ಕಕ್ಕೆ ಆಕಿದ್ದು ನಮ್ ಯಜಮಾನ್ರ್ನ." ಆಕೆ ಅದನ್ನು ಪ್ರಶ್ನೆಯ ಹಾಗೆ ಹೇಳಲಿಲ್ಲ.

ಸಿಸ್ಟರ್ ಅಳತೊಡಗಿದರು. ಟೈಲರಣ್ಣನ ಹೆಂಡತಿ ಸ್ವಲ್ಪ ಹೊತ್ತು ನೋಡಿ, ಹತ್ತಿರ ಸರಿದು ಅವರ ಮೊಣಕಾಲಿನ ಮೇಲೆ ಕೈ ಇಟ್ಟರು. "ನೀ ಅಳ್ಬೇಡ ತಾಯಿ. ನೀ ಏಳ್ದೆ, ಕೊಳ್ಳೇಗಾಲ್ದೋರ್ಗೆ ಕೇಳ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಇನ್ಮ್ಯಾಕೆ ಬೇರೆಯೋರ್ಗೆ ಇಂಗಾಗಲ್ವಾ?"

ಇಲ್ಲ ಎನ್ನಬೇಕೆಂದು ಬಾಯಿಗೆ ಬಂತು. "ಈ ಕಾರಣ್ಕೆ ಆಗಲ್ಲಮ್ಮ," ಎಂದೆ. ಲೈನು ಹೋದರೆ ಫೋನು, ಫೋನೂ ಹೋದರೆ ಆ ಔಷಧಿಯೇ ಇಲ್ಲ ಎಂಬುದನ್ನು ವಿವರಿಸಿದೆ.

ಆಕೆ ಪೂರ್ತಿ ಕೇಳಿಸಿಕೊಂಡರು. "ಇಷ್ಟೇನಾ?" ಎಂದರು. "ಇಷ್ಟ್ನ ಮೊದ್ಲೇ ಮಾಡ್ಬೋದಿತ್ತಲ್ಲ ಸಾ."

ಆಕೆ ದೂರು ಕೊಡುವರೋ ಇಲ್ಲವೋ ಎಂದು ಕಾರ್ಯದರ್ಶಿ ಆಮೇಲೆ ಎಷ್ಟೋ ದಿನ ನನ್ನನ್ನು ಕೇಳಿದರು. ಕೊಡುವುದಾದರೆ ಬೇಕಾದೀತೆಂದು ಎರಡೂ ಪ್ರತಿಗಳನ್ನು ಆಕೆಯ ಕೈಗೇ ಕೊಟ್ಟು ಬಂದಿದ್ದೆವು. ಡಾಕ್ಟರೇ ಸಹಿ ಹಾಕಿ ಕೊಟ್ಟಿದ್ದರು. ಅದನ್ನು ಕಾರ್ಯದರ್ಶಿಗೂ ಹೇಳಿದೆ.

ಸಿಸ್ಟರ್ ಡ್ಯೂಟಿಗೆ ಮರಳಿದ ಬೆಳಗ್ಗೆ ನಾನು ಕೊಳ್ಳೇಗಾಲದ ಸರ್ವರಿನ ಮುಂದೆ ಕುಳಿತು, ಹೊಸ ಪ್ರೋಗ್ರಾಮ್ ಫೈಲುಗಳನ್ನು ಒಂದೊಂದಾಗಿ ಹನೂರಿಗೆ ಕಳಿಸುವುದನ್ನು ನೋಡುತ್ತಿದ್ದೆ. ಲೈನು ಇತ್ತು, ಆದರೆ ಎಂದಿನಂತೆ ನಿಧಾನ. ಅಷ್ಟರಲ್ಲಿ ಅವರ ಫೋನು ಬಂತು.

"ಸಾ, ಟೈಲರಣ್ಣಂದು ಇನ್ನೂ ಬತ್ತಾ ಅದೆ ಸಾ ಇಲ್ಲಿ."

ಸರದಿಯ ಪಟ್ಟಿಯಿಂದ ಅವರ ಹೆಸರನ್ನು ಯಾರೂ ತೆಗೆದಿರಲಿಲ್ಲ. ತಿದ್ದಿದ ಫೈಲು, ಕೆಂಪು ಸಾಲಿನ ಸಮೇತ, ಮೂರೂ ಊರುಗಳಿಗೆ ಸರಿಯಾಗಿ ತಲುಪುತ್ತಿತ್ತು.

"ತೆಗೀಲಾ ಸಿಸ್ಟರ್?"

ಆ ಕಡೆ ಡಯಾಲಿಸಿಸ್ ಯಂತ್ರವೊಂದು ಕೂಗುವುದು, ಯಾರೋ ಅದನ್ನು ನಿಲ್ಲಿಸುವುದು ಕೇಳಿಸಿತು.

"ತೆಗೀರಿ ಸಾ," ಎಂದರು. "ಅವ್ರ ಬೆಡ್ಡಿಗೆ ಕೌದಳ್ಳಿಯಿಂದ ಒಬ್ರು ಬಂದು ಕೂತವ್ರೆ. ಅವ್ರುದು ಇನ್ನೂ ಬಂದಿಲ್ಲ. ಬೇಗ ಕಳ್ಸಿ."